ಸಡಿಲವಾದ ಬೀಡಿಂಗ್, ಅಲುಗಾಡುವ ಲೈಟಿನ ಗ್ಲಾಸು: ಹಳೆಯ ಅಂಬಾಸಿಡರ್, ಪದ್ಮಿನಿಗೆ ಯಾವ ಹಿಡಿತ ಒಳ್ಳೆಯದು?

ಹಳೆಯ ಕಾರಿನ ಬಾಗಿಲ ಮೇಲಿನ ಹೊಳೆಯುವ ಪಟ್ಟಿ, ಅಂದರೆ ಬೀಡಿಂಗ್, ಒಂದು ತುದಿಯಲ್ಲಿ ಎದ್ದು ನಿಂತಿದೆ ಎನ್ನಿ. ಅಥವಾ ರಸ್ತೆಯುಬ್ಬು ದಾಟಿದಾಗಲೆಲ್ಲ ಹಿಂದಿನ ಲೈಟಿನ ಕೆಂಪು ಗ್ಲಾಸು ಕಟಕಟ ಎನ್ನುತ್ತಿದೆ. ಗ್ಯಾರೇಜಿನಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ಸ್ವಲ್ಪ ಸಿಲಿಕೋನ್ ಹಾಕಿ ಅಂಟಿಸಿಬಿಡೋಣ. ಕೆಲಸ ಐದೇ ನಿಮಿಷದ್ದು, ಖರ್ಚೂ ಹೆಚ್ಚಿಲ್ಲ. ಆದರೆ ಮುಂದಿನ ಸಲ ಅದೇ ಪಟ್ಟಿಯನ್ನು ಬಿಚ್ಚಬೇಕಾದಾಗ ಬಣ್ಣದ ಜೊತೆಗೇ ಎದ್ದು ಬರುತ್ತದೆ, ಇಲ್ಲವೇ ನಡುವೆ ಮಡಚಿಕೊಳ್ಳುತ್ತದೆ. ಒಮ್ಮೆ ಮಡಚಿದ ತೆಳು ಸ್ಟೀಲ್ ಪಟ್ಟಿಯನ್ನು ಮೊದಲಿನಂತೆ ನೇರ ಮಾಡುವವರು ಈಗ ಎಲ್ಲೋ ಒಬ್ಬರು.

ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಕುರ್ಲಾದಿಂದ ಬರುತ್ತಿದ್ದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಒಂದು ದಶಕಕ್ಕಿಂತ ಮೊದಲೇ ನಿಂತುಹೋಗಿತ್ತು. ಈಗ ಸಿಗುವುದು ಅಂಗಡಿಗಳಲ್ಲಿ ಉಳಿದ ಹಳೆಯ ದಾಸ್ತಾನು, ಗುಜರಿಯಲ್ಲಿ ಬಿಚ್ಚಿಟ್ಟ ಸಾಮಾನು, ಮತ್ತು ಅಳತೆಯಲ್ಲಿ ಅಷ್ಟಿಷ್ಟು ತಪ್ಪಿದ ನಕಲಿ ಭಾಗಗಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದಿಡೀ ದಿನ ಅಲೆದರೂ ನಿಮ್ಮ ವರ್ಷದ ಮಾದರಿಗೆ ಸರಿಹೊಂದುವ ಗ್ಲಾಸು ಸಿಗುತ್ತದೆಂಬ ಭರವಸೆಯಿಲ್ಲ. ಕ್ಲಿಪ್, ಸ್ಕ್ರೂ, ರಬ್ಬರ್ ಮಾತ್ರ ಎಲ್ಲಿ ಬೇಕಾದರೂ ಸಿಗುತ್ತವೆ.

ಈ ಒಂದು ಸಂಗತಿಯನ್ನು ಅಳತೆಗೋಲಾಗಿ ಇಟ್ಟುಕೊಂಡೇ ನಾನು ಕ್ಲಿಪ್, ಟೇಪು, ಸ್ಕ್ರೂ, ಅಂಟು ಹೀಗೆ ಎಲ್ಲ ಹಿಡಿತಗಳನ್ನೂ ತೂಗುತ್ತೇನೆ. ಪೆಟ್ಟು ಬಿದ್ದಾಗ ಸೋಲಬೇಕಾದದ್ದು ಹಿಡಿತ, ಉಳಿಯಬೇಕಾದದ್ದು ಭಾಗ. ಯಾವುದು ಎಷ್ಟು ಗಟ್ಟಿ ಎಂಬ ಪ್ರಶ್ನೆಗಿಂತ ಯಾವುದನ್ನು ಹಾನಿಯಿಲ್ಲದೆ ಬಿಚ್ಚಬಹುದು ಎಂಬುದು ಮುಖ್ಯ.

ಕೈ ಹಚ್ಚುವ ಮೊದಲು

ಪಟ್ಟಿ ಯಾಕೆ ಸಡಿಲವಾಯಿತು ಎಂದು ತಿಳಿಯದೆ ಟೇಪು, ಅಂಟು ಕೊಳ್ಳಬೇಡಿ. ಹೆಬ್ಬೆರಳಿನಿಂದ ಪಟ್ಟಿಯ ಉದ್ದಕ್ಕೂ ಗೇಣುದ್ದಕ್ಕೊಮ್ಮೆ ಒತ್ತುತ್ತಾ ಹೋಗಿ. ಒಂದೇ ಜಾಗದಲ್ಲಿ ಒಳಗೆ ಹೋಗಿ ಮತ್ತೆ ಎದ್ದು ಬಂದರೆ ಅಲ್ಲಿನ ಕ್ಲಿಪ್ ತುಕ್ಕು ಹಿಡಿದು ಬಿಗಿ ಕಳೆದುಕೊಂಡಿದೆ ಅಥವಾ ಕ್ಲಿಪ್ಪೇ ಇಲ್ಲ. ಒತ್ತಿದಾಗ ಕರಕರ ಸದ್ದಾಗಿ ಕೆಂಪು ಪುಡಿ ಉದುರಿದರೆ ಬಾಡಿಯ ತೂತೇ ತುಕ್ಕಿನಿಂದ ದೊಡ್ಡದಾಗಿದೆ. ಎಷ್ಟು ಒತ್ತಿದರೂ ಪಟ್ಟಿ ಬಾಡಿಗೆ ತಾಗದಿದ್ದರೆ ಪಟ್ಟಿಯೇ ಬಾಗಿದೆ.

ನಮ್ಮಲ್ಲಿ ಇನ್ನೊಂದು ಕಾರಣ ಬಹಳ ಸಾಮಾನ್ಯ. ಹಿಂದೆಂದೋ ಟಿಂಕರಿಂಗ್ ಮಾಡಿದವರು ಕ್ಲಿಪ್ಪಿನ ತೂತುಗಳನ್ನೆಲ್ಲ ಪುಟ್ಟಿಯಿಂದ ಮುಚ್ಚಿ, ಬಣ್ಣ ಹೊಡೆದು, ಪಟ್ಟಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಾಗಿಲ ಮೇಲೆ ಜಾರಿಸಿ ನೋಡಿ. ಎಲ್ಲಿ ಅದು ಹಿಡಿಯದೆ ಜಾರುತ್ತದೆಯೋ ಅಲ್ಲಿ ದಪ್ಪ ಪುಟ್ಟಿಯಿದೆ. ಆ ಜಾಗದಲ್ಲಿ ಎಂಥ ಉತ್ತಮ ಟೇಪು ಹಚ್ಚಿದರೂ ಅದು ಹಿಡಿಯುವುದು ಬಣ್ಣವನ್ನು, ಬಣ್ಣ ಹಿಡಿದಿರುವುದು ಪುಟ್ಟಿಯನ್ನು. ಅಂಟಿನ ಬಲ ಎಂದರೆ ಅದರ ಕೆಳಗಿನ ಅತಿ ದುರ್ಬಲ ಪದರದ ಬಲ, ಅಷ್ಟೇ.

ಪಕ್ಕದ ಪಟ್ಟಿಗೆ: ಕ್ಲಿಪ್ಪೋ, ಟೇಪೋ?

ಹಳೆಯ ಪಟ್ಟಿಯೊಂದನ್ನು ಬಿಚ್ಚಿ ತಿರುಗಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಅದು ಚಪ್ಪಟೆಯಾದ ಪಟ್ಟಿಯಲ್ಲ. ತೆಳು ತಗಡನ್ನು ಎರಡೂ ಅಂಚಿನಲ್ಲಿ ಒಳಮಡಚಿ ಮಾಡಿದ ಟೊಳ್ಳು ದೋಣಿ. ಬಾಡಿಗೆ ತಾಗುವುದು ಎರಡು ಕೂದಲೆಳೆಯಂಥ ಅಂಚುಗಳು ಮಾತ್ರ. ನಡುವಿನ ಟೊಳ್ಳಿನಲ್ಲಿ ಕ್ಲಿಪ್ಪಿನ ತಲೆ ಕೂರುತ್ತದೆ. ಟೇಪಿಗೆ ಹಿಡಿಯಲು ಇಲ್ಲಿ ಮೈಯೇ ಇಲ್ಲ. ಹೀಗಾಗಿ ಟೇಪು ಹಾಕುವವರು ಮೊದಲು ಟೊಳ್ಳನ್ನು ಸಿಲಿಕೋನ್‌ನಿಂದಲೋ ಪುಟ್ಟಿಯಿಂದಲೋ ತುಂಬುತ್ತಾರೆ. ಅಲ್ಲಿಂದಾಚೆಗೆ ಆ ಪಟ್ಟಿಗೆ ಮತ್ತೆ ಕ್ಲಿಪ್ ಹಾಕುವ ದಾರಿ ಮುಚ್ಚಿತು.

ಕ್ಲಿಪ್ಪಿನ ಪಕ್ಷ ಹಿಡಿಯಲು ನನಗೆ ಇದೇ ದೊಡ್ಡ ಕಾರಣ. ಸ್ಪ್ರಿಂಗ್ ಸ್ಟೀಲ್ ಕ್ಲಿಪ್ ಬಾಗಿದ ಪಟ್ಟಿಯ ಎಳೆತವನ್ನು ವರ್ಷಗಟ್ಟಲೆ ತಡೆಯುತ್ತದೆ, ಬಿಸಿಲಿಗೆ ಮೆತ್ತಗಾಗುವುದಿಲ್ಲ, ಬಿಚ್ಚಿದರೆ ಗುರುತು ಉಳಿಯುವುದಿಲ್ಲ. ಅದರ ದೋಷ ಒಂದೇ: ತೂತಿನ ಅಂಚನ್ನು ಉಜ್ಜಿ ಬಣ್ಣ ಕಿತ್ತು ತುಕ್ಕಿಗೆ ಬಾಗಿಲು ತೆರೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದು ಸಣ್ಣ ಮಾತಲ್ಲ. ನೈಲಾನ್ ಕ್ಲಿಪ್ ತುಕ್ಕು ತರುವುದಿಲ್ಲ, ಆದರೆ ಬಿಸಿಲಲ್ಲಿ ನಿಲ್ಲುವ ಕಾರಿನಲ್ಲಿ ಕಾಲಕ್ರಮೇಣ ಪೆಡಸಾಗಿ ಬಿಚ್ಚುವಾಗ ಮುರಿಯುತ್ತದೆ. ಮುರಿದರೆ ಮುರಿಯಲಿ, ಪಟ್ಟಿ ಉಳಿಯುತ್ತದೆ. ಕರಾವಳಿಯ ಕಾರಿಗೆ ನೈಲಾನ್, ಬಯಲುಸೀಮೆಯ ಕಾರಿಗೆ ಸ್ಟೀಲ್ ಎಂಬುದು ನನ್ನ ಆಯ್ಕೆ. ಸ್ಟೀಲ್ ಹಾಕುವುದಾದರೆ ತೂತಿನ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಸತುವಿನಂಶದ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಸ್ವಲ್ಪ ಗ್ರೀಸು ಸವರಿ ಕ್ಲಿಪ್ ಕೂರಿಸಿ.

ಕೊಳ್ಳುವಾಗ ಪಟ್ಟಿಯ ಒಳ ಅಗಲವನ್ನು ವರ್ನಿಯರ್‌ನಲ್ಲಿ ಅಳೆದುಕೊಂಡು ಹೋಗಿ. ಕ್ಲಿಪ್ಪಿನ ತಲೆ ಅದಕ್ಕಿಂತ ಒಂದು ಮಿಲಿಮೀಟರ್ ಕಡಿಮೆಯಾದರೆ ಪಟ್ಟಿ ಅಲುಗಾಡುತ್ತದೆ, ಹೆಚ್ಚಾದರೆ ಒತ್ತುವಾಗ ಅಂಚು ಅಗಲಿಸಿಕೊಳ್ಳುತ್ತದೆ. ಕೂರಿಸುವ ಕ್ರಮವೂ ಇದೆ. ಪಟ್ಟಿಯ ಕೆಳಗೆ ಬಣ್ಣದ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ. ಪಟ್ಟಿಯ ಮೇಲಂಚನ್ನು ಎಲ್ಲ ಕ್ಲಿಪ್ಪುಗಳ ತಲೆಗೂ ಸಿಕ್ಕಿಸಿ, ಆಮೇಲೆ ಒಂದು ತುದಿಯಿಂದ ಕೆಳಂಚನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಪ್ರತಿ ಕ್ಲಿಪ್ಪಿಗೂ ‘ಟಕ್’ ಎಂದು ಕೇಳಬೇಕು. ಕೇಳದ ಜಾಗದಲ್ಲಿ ಗುದ್ದಬೇಡಿ, ತೆಗೆದು ಕ್ಲಿಪ್ಪನ್ನು ನೇರ ಮಾಡಿ. ಬಿಚ್ಚುವಾಗ ಸ್ಕ್ರೂಡ್ರೈವರ್ ಬೇಡ, ನುಣುಪಾಗಿ ಹೆರೆದ ಬಿದಿರಿನ ಚಕ್ಕೆ ಸಾಕು.

ಟೇಪಿಗೂ ಅದರ ಜಾಗವಿದೆ. ತೂತುಗಳು ಪುಟ್ಟಿಯಲ್ಲಿ ಮುಚ್ಚಿಹೋಗಿ, ಹೊಸ ಬಣ್ಣವನ್ನು ಕೊರೆಯಲು ಮನಸ್ಸಿಲ್ಲದಿದ್ದರೆ, ಅಥವಾ ಪಟ್ಟಿಯ ಹಿಂಬದಿ ನಿಜಕ್ಕೂ ಚಪ್ಪಟೆಯಾಗಿದ್ದರೆ ಅದೇ ಸರಿ. ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಬೀಡಿಂಗ್, ಹಗುರವಾದ ಅಲ್ಯೂಮಿನಿಯಂ ಪಟ್ಟಿ ಈ ಗುಂಪಿನವು. ಆದರೆ ಸ್ಟೇಷನರಿ ಅಂಗಡಿಯ ಬಿಳಿ ಫೋಮ್ ಟೇಪು ಕೆಲಸಕ್ಕೆ ಬರುವುದಿಲ್ಲ, ಒಂದು ಮಳೆಗಾಲಕ್ಕೇ ಅದರ ಫೋಮು ಹರಿಯುತ್ತದೆ. ಬೇಕಾದದ್ದು ಅಕ್ರಿಲಿಕ್ ಫೋಮಿನ ಎರಡು ಬದಿ ಅಂಟುವ ಟೇಪು. 3ಎಂ ಕಂಪನಿಯ ವಿಎಚ್‌ಬಿ ಈ ಜಾತಿಯದು.

ಈ ಟೇಪಿನ ಸ್ವಭಾವ ತಿಳಿದು ಬಳಸಬೇಕು. ಪಕ್ಕಕ್ಕೆ ಎಳೆದರೆ ಅದು ಬಹಳ ಗಟ್ಟಿ, ತುದಿಯಿಂದ ಸಿಪ್ಪೆ ಸುಲಿದಂತೆ ಎಳೆದರೆ ಸುಲಭವಾಗಿ ಸೋಲುತ್ತದೆ. ಬಾಗಿದ ಪಟ್ಟಿಯನ್ನು ಒತ್ತಿ ಹಿಡಿದು ಅಂಟಿಸಿದರೆ ಪಟ್ಟಿಯ ಸ್ಪ್ರಿಂಗ್ ಬಲವೇ ಹಗಲು ರಾತ್ರಿ ಟೇಪನ್ನು ಸುಲಿಯುತ್ತಿರುತ್ತದೆ. ಆದ್ದರಿಂದ ಪಟ್ಟಿಯನ್ನು ಮೊದಲು ಬಾಗಿಲಿನ ಆಕಾರಕ್ಕೆ ತಿದ್ದಿಕೊಳ್ಳಬೇಕು, ಕೈ ಬಿಟ್ಟರೂ ತಾನಾಗಿ ಒರಗಿ ಕೂರುವಷ್ಟು. ಬಾಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣದಿಂದ ಒರೆಸಿ. ಪಾಲಿಶ್, ವ್ಯಾಕ್ಸ್ ಉಳಿದಿದ್ದರೆ ಟೇಪು ಅದನ್ನೇ ಹಿಡಿದುಕೊಂಡು ಬರುತ್ತದೆ. ಲೋಹ ತಣ್ಣಗಿರಬಾರದು, 20 ಡಿಗ್ರಿಯ ಮೇಲಿದ್ದರೆ ಒಳ್ಳೆಯದು. ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದ ಬೆಳಗ್ಗೆಯಾದರೆ ಬಿಸಿಲು ಏರುವವರೆಗೆ ಕಾಯಿರಿ. ಅಂಟಿಸಿದ ಮೇಲೆ ಉದ್ದಕ್ಕೂ ಬಲವಾಗಿ ಒತ್ತಿ, ಮೂರು ದಿನ ಕಾರು ತೊಳೆಯಬೇಡಿ. ಪೂರ್ಣ ಬಲ ಬರಲು ಸುಮಾರು 72 ಗಂಟೆ ಬೇಕು. ಹೊಸದಾಗಿ ಬಣ್ಣ ಹೊಡೆಸಿದ್ದರೆ ಪೇಂಟರ್ ಹೇಳಿದಷ್ಟು ದಿನ ಬಣ್ಣ ಒಣಗಲು ಬಿಟ್ಟೇ ಮುಂದುವರಿಯಿರಿ.

ಟೇಪನ್ನು ಬಿಚ್ಚಲು ಬರುತ್ತದೆಯೇ? ಬರುತ್ತದೆ, ತಾಳ್ಮೆಯಿದ್ದರೆ. ಹೇರ್ ಡ್ರೈಯರ್‌ನಿಂದ ಒಂದು ಅಡಿಯಷ್ಟು ಉದ್ದವನ್ನು ಕೈಗೆ ಬಿಸಿ ತಾಗುವಷ್ಟು ಕಾಯಿಸಿ, ಗಾಳದ ನೈಲಾನ್ ದಾರವನ್ನು ಪಟ್ಟಿಯ ಹಿಂದೆ ತೂರಿಸಿ ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಾ ಸಾಗಿ. ಫೋಮು ನಡುವೆ ಕತ್ತರಿಸಿಕೊಳ್ಳುತ್ತದೆ, ಪಟ್ಟಿ ನೇರವಾಗಿಯೇ ಕೈಗೆ ಬರುತ್ತದೆ. ಬಣ್ಣದ ಮೇಲೆ ಉಳಿದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ಉರುಳಿಸಿ ತೆಗೆಯಬಹುದು. ಈ ಒಂದು ಗುಣಕ್ಕಾಗಿ ಎಲ್ಲ ಅಂಟುಗಳಿಗಿಂತ ಟೇಪನ್ನು ನಾನು ಮೇಲಿಡುತ್ತೇನೆ.

ರಿವೆಟ್ ಮತ್ತು ಸ್ಕ್ರೂ

ಪಟ್ಟಿಯ ಮುಖದ ಮೇಲೇ ತೂತು ಕೊರೆದು ಪಾಪ್ ರಿವೆಟ್ (ತಗಡುಗಳನ್ನು ಕಾಯಂ ಆಗಿ ಹಿಡಿಸುವ ಟೊಳ್ಳು ಮೊಳೆ) ಹೊಡೆಯುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪುವುದಿಲ್ಲ. ಮುಖ ಹಾಳಾಗುತ್ತದೆ. ಅಲ್ಯೂಮಿನಿಯಂ ರಿವೆಟ್ಟಿನೊಳಗೆ ಉಳಿಯುವ ಉಕ್ಕಿನ ಕಡ್ಡಿ ತುಕ್ಕು ಹಿಡಿದು ಕಂದು ನೀರು ಇಳಿಯುತ್ತದೆ. ತೆಗೆಯಬೇಕೆಂದರೆ ಮತ್ತೆ ಡ್ರಿಲ್ಲೇ ಗತಿ. ಪಟ್ಟಿಯ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಕ್ಲಿಪ್ಪಿನ ಬುಡವನ್ನು ಬಾಡಿಗೆ ಹಿಡಿಸಲು ರಿವೆಟ್ ಬಳಸಿದರೆ ಆಕ್ಷೇಪವಿಲ್ಲ. ತೂತು ತುಕ್ಕಿನಿಂದ ದೊಡ್ಡದಾದ ಕಾರಿಗೆ ಅದು ಒಳ್ಳೆಯ ಪರಿಹಾರವೇ.

ಸ್ಕ್ರೂ ಹಾಕುವಾಗ ಎರಡು ಲೋಹಗಳ ಜೋಡಿಯನ್ನು ನೋಡಿಕೊಳ್ಳಿ. ಜಿಂಕ್ ಎರಕದ ಲೈಟಿನ ಬುಡಕ್ಕೋ ಅಲ್ಯೂಮಿನಿಯಂ ಪಟ್ಟಿಗೋ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ ಮಳೆಗೆ ಬಿಟ್ಟರೆ ಕರಗುವುದು ಸ್ಕ್ರೂ ಅಲ್ಲ, ಸಿಗದ ಆ ಭಾಗ. ನೈಲಾನ್ ವಾಷರ್ ಮತ್ತು ಎಳೆಗಳಿಗೆ ಗ್ರೀಸು ಇದ್ದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ.

ಅಂಟುಗಳಲ್ಲಿ ಯಾವುದು ಎಲ್ಲಿ

ಸಿಲಿಕೋನ್‌ನಲ್ಲಿ ಎರಡು ಜಾತಿ. ಟ್ಯೂಬು ತೆರೆದಾಗ ವಿನೆಗರ್ ವಾಸನೆ ಬರುವುದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿಯ ಉಕ್ಕು, ಜಿಂಕ್, ಹಿತ್ತಾಳೆಯ ಪಕ್ಕದಲ್ಲಿ ಅದನ್ನು ಹಚ್ಚಿದರೆ ತುಕ್ಕನ್ನು ನಾವೇ ಕರೆದು ಕೂರಿಸಿದಂತೆ. ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದು ಬರೆದಿರುವುದಕ್ಕೆ ಆ ದೋಷವಿಲ್ಲ. ಆದರೂ ಪಟ್ಟಿಗೆ ಬೇಡ ಎನ್ನುತ್ತೇನೆ. ಬಾಡಿಯ ಮೇಲೆ ಸಿಲಿಕೋನ್‌ನ ಅಂಶ ಕಣ್ಣಿಗೆ ಕಾಣದಷ್ಟು ಉಳಿದರೂ ಮುಂದೆ ಬಣ್ಣ ಹೊಡೆಯುವಾಗ ಅಲ್ಲಿ ಬಣ್ಣ ನಿಲ್ಲದೆ ಸಣ್ಣ ಗುಳಿಗಳಾಗಿ ಸರಿದುಕೊಳ್ಳುತ್ತದೆ. ಪೇಂಟರ್‌ಗಳು ಸಿಲಿಕೋನ್ ಎಂದರೆ ಸಿಡಿಮಿಡಿಗೊಳ್ಳುವುದು ಸುಮ್ಮನಲ್ಲ.

ಫೆವಿಕ್ವಿಕ್‌ನಂಥ ಕ್ಷಣದ ಅಂಟು ಗಟ್ಟಿಯಾದ ಮೇಲೆ ಪೆಡಸು, ಅದುರಿಕೆಗೆ ಬಿರುಕು ಬಿಡುತ್ತದೆ. ಅದರ ಆವಿ ತಾಗಿದ ಕಡೆ ಬಿಳಿ ಮಸುಕು ಕೂರುತ್ತದೆ. ಲೈಟಿನ ಗ್ಲಾಸಿನ ಹತ್ತಿರಕ್ಕೂ ಅದನ್ನು ತರಬಾರದು. ಫೆವಿಬಾಂಡ್ ಬಗೆಯ ರಬ್ಬರ್ ಅಂಟು ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್‌ಗೆ ಹೇಳಿ ಮಾಡಿಸಿದ್ದು. ಎರಡೂ ಬದಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಅದರ ದ್ರಾವಕ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ತೊಟ್ಟಿಕ್ಕದಂತೆ ಎಚ್ಚರ ಬೇಕು. ವಿಂಡ್‌ಸ್ಕ್ರೀನ್ ಕೂರಿಸುವ ಪಾಲಿಯುರಿಥೇನ್ ಇವೆಲ್ಲಕ್ಕಿಂತ ಬಲಶಾಲಿ, ಅದಕ್ಕೇ ಪಟ್ಟಿಗೆ ಬೇಡವೇ ಬೇಡ.

ಅರಾಲ್ಡೈಟ್‌ನಂಥ ಎಪಾಕ್ಸಿಯ ಜಾಗ ಬೇರೆ. ಭಾಗವನ್ನು ಬಾಡಿಗೆ ಅಂಟಿಸಲು ಅದು ಬೇಡ, ಭಾಗವನ್ನೇ ರಿಪೇರಿ ಮಾಡಲು ಬೇಕು. ಡಿಕ್ಕಿಯ ಮೇಲಿನ ಹೆಸರಿನ ಅಕ್ಷರಗಳ ಹಿಂದೆ ಎರಕದ ಕಡ್ಡಿಗಳಿರುತ್ತವೆ. ಒಳಗಿನಿಂದ ಒತ್ತಿ ಕೂರಿಸಿದ ನಟ್ ತೆಗೆಯದೆ ಹೊರಗಿನಿಂದ ಮೀಟಿದರೆ ಅವು ಮುರಿಯುತ್ತವೆ. ಮುರಿದ ಜಾಗದಲ್ಲಿ ಸಣ್ಣ ಸ್ಕ್ರೂವಿನ ತಲೆಯನ್ನು ಎಪಾಕ್ಸಿಯಲ್ಲಿ ಹೂತು, ಒಂದು ಇಡೀ ದಿನ ಬಿಟ್ಟರೆ ಹೊಸ ಕಡ್ಡಿ ಸಿದ್ಧ. ನಿಧಾನವಾಗಿ ಗಟ್ಟಿಯಾಗುವ ಬಗೆಯನ್ನೇ ಆರಿಸಿ, ಐದು ನಿಮಿಷದ್ದಕ್ಕಿಂತ ಅದರ ಹಿಡಿತ ಹೆಚ್ಚು.

ಲೈಟಿನ ಗ್ಲಾಸು

ಪಟ್ಟಿ ಬಿದ್ದರೆ ಅಂದ ಕೆಡುತ್ತದೆ. ಗ್ಲಾಸು ಬಿದ್ದರೆ ರಾತ್ರಿ ಹಿಂದಿನಿಂದ ಬರುವ ಲಾರಿಗೆ ನಿಮ್ಮ ಕಾರು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಸುಲಭದ ದಾರಿ ಹುಡುಕಬೇಡಿ.

ನಾವು ಗ್ಲಾಸು ಎನ್ನುವ ಹಿಂದಿನ ಲೈಟು, ಇಂಡಿಕೇಟರುಗಳ ಮುಚ್ಚಳ ಹೆಚ್ಚಾಗಿ ಅಕ್ರಿಲಿಕ್. ಬಿಗಿತವನ್ನೂ ರಾಸಾಯನಿಕವನ್ನೂ ಅದು ಸಹಿಸುವುದಿಲ್ಲ, ಎರಡೂ ಒಟ್ಟಿಗೆ ಬಂದರಂತೂ ಮುಗಿಯಿತು. ಪೆಟ್ರೋಲ್, ಥಿನ್ನರ್‌ನಿಂದ ಒರೆಸಿದರೆ ಸ್ಕ್ರೂ ತೂತಿನ ಸುತ್ತ ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಏಳುತ್ತವೆ. ಬಿಗಿದ ಅಕ್ರಿಲಿಕ್‌ಗೆ ಆಲ್ಕೋಹಾಲ್ ಕೂಡ ಆಗದು. ಸೋಪಿನ ನೀರೇ ಸಾಕು. ಸ್ಕ್ರೂ ಅದುರಿ ಸಡಿಲವಾಗದಿರಲಿ ಎಂದು ಎಂಜಿನ್ ಬೋಲ್ಟುಗಳಿಗೆ ಹಾಕುವ ಲಾಕ್‌ಟೈಟ್ ಬಗೆಯ ದ್ರವವನ್ನು ಇಲ್ಲಿಗೂ ಹಾಕುವವರಿದ್ದಾರೆ. ಅಕ್ರಿಲಿಕ್‌ಗೆ ಅದು ವಿಷ. ಕೆಲವೇ ದಿನಗಳಲ್ಲಿ ತೂತಿನಿಂದ ಅಂಚಿನವರೆಗೆ ಗ್ಲಾಸು ಸೀಳಬಹುದು. ಹಿಂದೆ ನಟ್ ಹಾಕಲು ಜಾಗವಿದ್ದರೆ ನೈಲಾನ್ ಉಂಗುರದ ನಟ್ ಹಾಕಿ. ಇಲ್ಲದಿದ್ದರೆ ಗ್ಲಾಸಿಗೂ ಬುಡಕ್ಕೂ ನಡುವೆ ಕೂರುವ ರಬ್ಬರ್ ಪ್ಯಾಕಿಂಗಿನ ಒತ್ತಡವೇ ಸ್ಕ್ರೂವನ್ನು ಹಿಡಿದಿಡಬೇಕು.

ಹೌದು, ಗ್ಲಾಸನ್ನು ನಿಜವಾಗಿ ಹಿಡಿಯುವುದು ಪ್ಯಾಕಿಂಗು. ಕಟಕಟ ಸದ್ದಿಗೆ ಕಾರಣ ಬಹುಪಾಲು ಸ್ಕ್ರೂ ಅಲ್ಲ, ಒಣಗಿ ಚಪ್ಪಟೆಯಾದ ಹಳೆಯ ರಬ್ಬರು. ಅದನ್ನು ಬದಲಿಸದೆ ಸ್ಕ್ರೂ ಬಿಗಿಯುತ್ತಾ ಹೋದರೆ ಗ್ಲಾಸು ಒಡೆಯುತ್ತದೆ. ತಯಾರಾದ ಪ್ಯಾಕಿಂಗು ಸಿಕ್ಕರೆ ಅದೇ ಮೊದಲ ಆಯ್ಕೆ. ಸಿಗದಿದ್ದರೆ ಮುಚ್ಚಿದ ರಂಧ್ರಗಳ ಇಪಿಡಿಎಂ ಎಂಬ ಕೃತಕ ರಬ್ಬರಿನ ಸ್ಪಂಜು ಹಾಳೆಯಿಂದ ಕತ್ತರಿಸಿಕೊಳ್ಳಿ. ಸೋಫಾಕ್ಕೆ ತುಂಬುವ ಸ್ಪಂಜು ನೀರು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ, ಬೇಡ. ಸೈಕಲ್ ಟ್ಯೂಬು ಕತ್ತರಿಸಿ ಹಾಕುವುದು ನಮ್ಮ ಗ್ಯಾರೇಜುಗಳ ಹಳೆಯ ರೂಢಿ. ನೀರು ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ತೆಳುವಾದ್ದರಿಂದ ಬುಡದ ಅಂಚು ಸಮತಟ್ಟಾಗಿದ್ದರೆ ಮಾತ್ರ ಉಪಯೋಗ. ಸಿಲಿಕೋನ್ ಗೆರೆ ಎಳೆದು ಗ್ಲಾಸು ಕೂರಿಸಿದರೆ ಮುಂದೆ ಬಲ್ಬ್ ಹೋದ ದಿನ ತೊಂದರೆ: ಬಲ್ಬಿಗಾಗಿ ಗ್ಲಾಸು ಮೀಟಬೇಕು, ಮೀಟಿದರೆ ಒಡೆಯುತ್ತದೆ. ಅಲ್ಲದೆ ಲೈಟಿನ ಬುಡದ ಕೆಳಭಾಗದಲ್ಲಿರುವ ಸಣ್ಣ ತೂತು ಒಳಗಿನ ತೇವ ಹೊರಹೋಗಲು ಇರುವುದು. ಸಿಲಿಕೋನ್‌ನಿಂದ ಅದೂ ಮುಚ್ಚಿತೆಂದರೆ ಒಳಗಿನ ಬೆಳ್ಳಿಹೊಳಪು ಕಪ್ಪಾಗುತ್ತದೆ.

ಬಿಗಿಯುವಾಗ ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಎರಡು ಬೆರಳು ಮತ್ತು ಹೆಬ್ಬೆರಳಲ್ಲಿ ಹಿಡಿಯಿರಿ. ಒಂದು ಸ್ಕ್ರೂ ಅರ್ಧ ಸುತ್ತು, ಆಮೇಲೆ ಎದುರಿನದು ಅರ್ಧ ಸುತ್ತು. ಪ್ಯಾಕಿಂಗು ಸ್ವಲ್ಪ ಉಬ್ಬಿ ಅಂಚಿನಾಚೆ ಇಣುಕಿದರೆ ಅಲ್ಲಿಗೆ ನಿಲ್ಲಿಸಿ. ಸ್ಕ್ರೂ ತಲೆಯ ಕೆಳಗೆ ತೆಳು ನೈಲಾನ್ ವಾಷರ್ ಇರಲಿ.

ಮೊದಲೇ ಬಿರುಕು ಬಿಟ್ಟ ಗ್ಲಾಸಿಗೆ ಎರಡು ದಾರಿಗಳಿವೆ. ಬಿರುಕಿನ ತುದಿಯಲ್ಲಿ ಎರಡು ಮಿಲಿಮೀಟರಿನ ತೂತು ಕೊರೆದರೆ ಅದು ಮುಂದೆ ಓಡುವುದು ನಿಲ್ಲುತ್ತದೆ. ಪೂರ್ತಿ ಎರಡು ಹೋಳಾಗಿದ್ದರೆ ಅಕ್ರಿಲಿಕ್ ನಾಮಫಲಕ ಮಾಡುವವರ ಬಳಿಗೆ ಒಯ್ಯಿರಿ. ಅವರ ದ್ರಾವಕ ಬಿರುಕಿನೊಳಗೆ ತಾನಾಗಿ ಹರಿದು ಎರಡು ಅಂಚುಗಳನ್ನೂ ಕರಗಿಸಿ ಬೆಸೆಯುತ್ತದೆ. ಯಾವ ಅಂಟಿನ ಗೆರೆಯೂ ಅಷ್ಟು ತೆಳುವಾಗಿ ಬರುವುದಿಲ್ಲ. ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದು, ಮನೆಯೊಳಗೆ ಕೂತು ಮಾಡುವ ಕೆಲಸವಲ್ಲ.

ಲೈಟಿನ ಬುಡವನ್ನು ಬಾಡಿಗೆ ಹಿಡಿಸುವ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಕಾಲದ ಕಾರುಗಳಲ್ಲಿ ಅನೇಕ ಲೈಟುಗಳಿಗೆ ಅರ್ಥ್ (ಕರೆಂಟು ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ) ಬರುವುದೇ ಬುಡದ ಸ್ಕ್ರೂ ಬಾಡಿಗೆ ತಾಗುವುದರಿಂದ. ಬುಡ ಸಡಿಲವಾಗಿದೆ ಎಂದು ಅದನ್ನು ಟೇಪಿನಲ್ಲೋ ಸಿಲಿಕೋನ್‌ನಲ್ಲೋ ಕೂರಿಸಿದರೆ ಅರ್ಥ್ ತಪ್ಪುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಉರಿಯುವುದು, ಒಂದು ಬದಿ ಕೆಂಡದಂತೆ ಮಿಣುಕುವುದು ಇದರದೇ ಲಕ್ಷಣ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವ ತಪಾಸಣೆಯಲ್ಲೂ ಲೈಟು ಸರಿಯಿರಲೇಬೇಕು. ಇಲ್ಲಿ ಸ್ಕ್ರೂವೇ ಸರಿ, ಅದರ ಕೆಳಗೆ ಬಣ್ಣ ಕೆರೆದ ಶುದ್ಧ ಲೋಹ ಸಿಗಬೇಕು. ನೈಲಾನ್ ವಾಷರ್ ಹಾಕಲೇಬೇಕಾದರೆ ಬಲ್ಬ್ ಹೋಲ್ಡರಿನಿಂದ ಬಾಡಿಗೆ ಬೇರೆಯೇ ಒಂದು ಅರ್ಥ್ ತಂತಿ ಎಳೆಯಿರಿ.

ಹೆಡ್‌ಲೈಟಿನ ಕ್ರೋಮ್ ರಿಮ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಏಳು ಇಂಚಿನ ದುಂಡು ಲೈಟುಗಳಲ್ಲಿ ಸಾಮಾನ್ಯವಾಗಿ ಮೇಲೆ ಕೊಕ್ಕೆ, ಕೆಳಗೆ ಸ್ಕ್ರೂ ಇಲ್ಲವೇ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ರಿಮ್ ಬೀಳುವುದು ಮೇಲಿನ ಕೊಕ್ಕೆ ಬಾಗಿದ್ದರಿಂದ, ಜನ ಬಿಗಿಯುವುದು ಕೆಳಗಿನ ಸ್ಕ್ರೂವನ್ನು. ಕೊಕ್ಕೆಯನ್ನು ಇಕ್ಕಳದಿಂದ ಮೆಲ್ಲಗೆ ಒಳಕ್ಕೆ ಒತ್ತಿದರೆ ಕೆಲಸ ಮುಗಿಯಿತು. ಟೇಪು, ಅಂಟು ಯಾವುದೂ ಬೇಕಿಲ್ಲ.

ದಾರಿಯಲ್ಲಿ ಕಳಚಿದರೆ

ಪ್ರಯಾಣದ ನಡುವೆ ಪಟ್ಟಿ ಕಳಚಿದರೆ ಕಟ್ಟಿಹಾಕಲು ಹೋಗಬೇಡಿ. ಉಳಿದ ಕ್ಲಿಪ್ಪುಗಳಿಂದ ಪೂರ್ತಿ ಬಿಡಿಸಿ ಹಳೆಯ ಬಟ್ಟೆಯಲ್ಲಿ ಸುತ್ತಿ ಕಾರಿನೊಳಗೆ ಉದ್ದಕ್ಕೆ ಮಲಗಿಸಿ. ಅರ್ಧ ಸಡಿಲವಾದ ಪಟ್ಟಿ ಗಾಳಿಗೆ ಮಡಚಿಕೊಳ್ಳುವುದಷ್ಟೇ ಅಲ್ಲ, ಪಕ್ಕದಲ್ಲಿ ಬರುವ ಬೈಕ್ ಸವಾರರಿಗೂ ಅಪಾಯ. ಗ್ಲಾಸು ಸಡಿಲವಾದರೆ ಅಂಚಿನ ಸುತ್ತ ಮಾತ್ರ ಮಾಸ್ಕಿಂಗ್ ಟೇಪು ಹಾಕಿ, ಬೆಳಕಿನ ಮುಖಕ್ಕೆ ಅಡ್ಡ ಬರಬಾರದು. ಕಂದು ಪ್ಯಾಕಿಂಗ್ ಟೇಪು ಬಿಸಿಲಿಗೆ ಕರಗಿ ಅದರ ಅಂಟು ಬಣ್ಣದ ಮೇಲೇ ಉಳಿಯುತ್ತದೆ. ಗ್ಲಾಸು ಎಲ್ಲೋ ಬಿದ್ದೇಹೋಗಿದ್ದರೆ ಬರಿಯ ಬಲ್ಬಿನ ಬಿಳಿ ಬೆಳಕಿನಲ್ಲಿ ರಾತ್ರಿ ಓಡಿಸಬೇಡಿ, ಎದುರಿನಿಂದ ಬರುವ ವಾಹನವೆಂದು ಹಿಂದಿನವರು ತಪ್ಪು ತಿಳಿಯುತ್ತಾರೆ. ಡಿಕ್ಕಿಯಲ್ಲಿ ಒಂದು ಮಾಸ್ಕಿಂಗ್ ಟೇಪು, ನಾಲ್ಕಾರು ಕ್ಲಿಪ್ಪು, ನೈಲಾನ್ ವಾಷರ್, ಸಣ್ಣ ಸ್ಕ್ರೂಗಳ ಡಬ್ಬಿ, ಮತ್ತು ಗುಜರಿಯಲ್ಲಿ ಕಂಡಾಗ ಕೊಂಡಿಟ್ಟ ಒಂದು ಹೆಚ್ಚುವರಿ ಕೆಂಪು ಗ್ಲಾಸು ಇರಲಿ. ಎಡಗಡೆಯದೋ ಬಲಗಡೆಯದೋ ಎಂದು ನೋಡಿಕೊಂಡೇ ಕೊಳ್ಳಿ, ಎಷ್ಟೋ ಮಾದರಿಗಳಲ್ಲಿ ಒಂದು ಇನ್ನೊಂದಕ್ಕೆ ಕೂರುವುದಿಲ್ಲ.